ಮೊದಲು ಸ್ಕ್ರೂ ನೋಡಿ, ಜಾಲರಿ ಆಮೇಲೆ

ಪ್ರಶ್ನೆ: ನಾವಿರುವುದು ಫ್ಲಾರಿಡಾದ ಟ್ಯಾಂಪಾ ಹತ್ತಿರ. ಮನೆ ಹಿಂದೆ ಜಗಲಿ, ಈಜುಕೊಳ ಎರಡನ್ನೂ ಸೇರಿಸಿ ಮುಚ್ಚಿದ ದೊಡ್ಡ ಜಾಲರಿ ಗೂಡು ಇದೆ, ಇಲ್ಲಿ ಲನಾಯ್ ಅಂತಾರೆ. ಅತ್ತೆ ಬಂದಾಗ ಸಂಡಿಗೆ ಒಣಗಿಸುವುದು ಅಲ್ಲೇ, ತುಳಸಿ ಕುಂಡವೂ ಅಲ್ಲೇ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ಐದಾರು ಕಡೆ ಜಾಲರಿ ಕಿತ್ತುಹೋಗಿ ಹೊಸದು ಹಾಕಿಸಿದೆವು. ಈಗ ಉಳಿದದ್ದೂ ಜೋತುಬಿದ್ದಿದೆ. ಕೆಳಗೆಲ್ಲ ಹಸಿರು ಪಾಚಿ, ಬಿಳಿ ಕಂಬಗಳ ಮೇಲೆ ಕಂದು ಗೆರೆ. ಗುತ್ತಿಗೆದಾರ ಎಲ್ಲ ಜಾಲರಿ ಬದಲಾಯಿಸಿ ಅಂತಾನೆ. ಪಕ್ಕದ ಮನೆಯವರು, ಗಾಳಿ ಬರುವ ಮೊದಲೇ ಜಾಲರಿ ಕೊಯ್ದುಬಿಡಿ ಅಂತಾರೆ. ಯಾರ ಮಾತು ಕೇಳಲಿ?
– ಟ್ಯಾಂಪಾದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಆ ಕಂದು ಗೆರೆ. ಕಂಬ ಅಲ್ಯೂಮಿನಿಯಮ್, ಅದಕ್ಕೆ ಕಂದು ತುಕ್ಕು ಹಿಡಿಯುವುದಿಲ್ಲ. ಗೆರೆ ಇಳಿದಿರುವುದು ಸ್ಕ್ರೂಗಳಿಂದ. ಉಪ್ಪುಗಾಳಿ, ತೇವ, ಉಕ್ಕು, ಅಲ್ಯೂಮಿನಿಯಮ್ ನಾಲ್ಕೂ ಒಂದೇ ಕಡೆ ಸೇರಿದರೆ ಸ್ಕ್ರೂ ಕೊಳೆಯುವುದಲ್ಲದೆ ಸುತ್ತಲಿನ ಅಲ್ಯೂಮಿನಿಯಮ್ ಕೂಡ ಬಿಳಿ ಪುಡಿಯಾಗುತ್ತದೆ. ನಾನು ಕುಂದಾಪುರ ಕಡೆಯವನು, ಉಪ್ಪುಗಾಳಿ ಗೇಟಿನ ತಿರುಗಣೆ ತಿನ್ನುವುದನ್ನು ನೋಡುತ್ತಲೇ ಬೆಳೆದವನು!

ಜಾಲರಿ ಹರಿದರೆ ಗೂಡು ನಿಂತಿರುತ್ತದೆ. ಸ್ಕ್ರೂ ಬಿಟ್ಟರೆ ಗೂಡೇ ಬೀಳುತ್ತದೆ.

ಒಂದು ಟಾರ್ಚ್, ಒಂದು ಸ್ಕ್ರೂ ಡ್ರೈವರ್ ಹಿಡಿದು ಕೆಳಗಿನಿಂದ ಶುರು ಮಾಡಿ. ಕಂಬ ಕಾಂಕ್ರೀಟಿಗೆ ಕೂತಿರುವ ಕಡೆ ಎಲೆ, ಮಣ್ಣು ಸೇರಿಕೊಂಡು ಸದಾ ಒದ್ದೆ ಇರುತ್ತದೆ, ಬೋಲ್ಟ್ ಅಲ್ಲೇ ಮೊದಲು ಸಾಯುವುದು. ಸ್ಕ್ರೂ ತಲೆಯನ್ನು ಸ್ವಲ್ಪ ಒತ್ತಿ ನೋಡಿ. ಪುಡಿ ಉದುರಿದರೆ ಅದರ ಆಯಸ್ಸು ಮುಗಿಯಿತು. ಒಂದನ್ನು ತೆಗೆದು, ಅದೇ ಜಾಗಕ್ಕೆ ಹೊಸದು ಹಾಕಿ ಬಿಗಿಮಾಡಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಒಂದು ಜೋಡಣೆಯ ಸ್ಕ್ರೂಗಳನ್ನೆಲ್ಲ ಒಟ್ಟಿಗೆ ಬಿಚ್ಚಬೇಡಿ. ಹೊಸದು ಸ್ಟೇನ್‌ಲೆಸ್ ಆಗಿರಲಿ, ತಲೆಯ ಕೆಳಗೆ ನೈಲಾನ್ ವಾಷರ್ ಇದ್ದರೆ ಇನ್ನೂ ಒಳ್ಳೆಯದು. ಅಡ್ಡಡ್ಡ ಕಟ್ಟಿರುವ ಉಕ್ಕಿನ ತಂತಿ ಸಡಿಲವಾಗಿದೆಯಾ, ಎಳೆ ಬಿಟ್ಟಿದೆಯಾ ಅಂತಲೂ ನೋಡಿ. ಮೇಲಿನ ತೊಲೆಗೆ ಮಾತ್ರ ನೀವು ಹತ್ತಬೇಡಿ, ಕೆಲಸ ಗೊತ್ತಿರುವವರನ್ನು ಕರೆಸಿ.

ಇನ್ನು ಜಾಲರಿ. ಎಲ್ಲ ಬದಲಾಯಿಸಲೇಬೇಕು ಅಂತೇನಿಲ್ಲ. ಜಾಲರಿಯನ್ನು ಚೌಕಟ್ಟಿನ ಸಂದಿನಲ್ಲಿ ಹಿಡಿದಿಡುವ ರಬ್ಬರ್ ಹುರಿ ಇದೆಯಲ್ಲ, ನಮ್ಮ ಕಡೆ ಕಿಟಕಿ ಕೆಲಸದವರು ಬೀಡಿಂಗ್ ಅಂತಾರೆ, ಅಲ್ಲಿ ಸ್ಪ್ಲೈನ್. ಬಿಸಿಲಿಗೆ ಅದು ಹಳೇ ಚಪ್ಪಲಿಯ ಉಂಗುಷ್ಟದ ಹಾಗೆ ಗಟ್ಟಿಯಾಗಿ ಕುಗ್ಗುತ್ತದೆ, ಜಾಲರಿ ಜಾರುತ್ತದೆ. ಜಾಲರಿಯನ್ನು ಉಗುರಲ್ಲಿ ಗೀರಿ ನೋಡಿ. ಎಳೆ ಮುರಿಯದಿದ್ದರೆ, ಹುರಿ ಮಾತ್ರ ಹೊಸದು ಹಾಕಿ ಮತ್ತೆ ಬಿಗಿದರೆ ಸಾಕಾಗಬಹುದು. ಅಂಗಡಿಗೆ ಹೋಗುವಾಗ ಹಳೇ ಹುರಿಯ ತುಂಡು ಜೇಬಲ್ಲಿರಲಿ, ದಪ್ಪ ಒಂದಿಷ್ಟು ತಪ್ಪಿದರೂ ಕೂರುವುದಿಲ್ಲ. ಹೊಸ ಜಾಲರಿಯೇ ಬೇಕಾದರೆ 18×14 ಸಾಕು, ಅಂದರೆ ಒಂದು ಇಂಚಿಗೆ ಒಂದು ಕಡೆ 18, ಇನ್ನೊಂದು ಕಡೆ 14 ಎಳೆ. 20×20ರಲ್ಲಿ ಚಿಕ್ಕ ನುಸಿಯೂ ಒಳಗೆ ಬರುವುದಿಲ್ಲ ನಿಜ, ಆದರೆ ತಂಗಾಳಿಯೂ ಕಮ್ಮಿ, ಬಿರುಗಾಳಿಯ ಹೊಡೆತವೂ ಜಾಸ್ತಿ.

ಪಾಚಿಗೆ ಪ್ರೆಷರ್ ವಾಷರ್ ತರಬೇಡಿ, ಹತ್ತಿರದಿಂದ ಹೊಡೆದರೆ ಜಾಲರಿ ಹುರಿಯ ಸಮೇತ ಈಚೆ ಬರುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿದ ನೀರು, ಮೃದು ಬ್ರಷ್ ಸಾಕು. ಹೋಗದಿದ್ದರೆ ಬ್ಲೀಚ್ ತುಂಬಾ ತೆಳ್ಳಗೆ ಮಾಡಿ ಹಚ್ಚಿ ಚೆನ್ನಾಗಿ ತೊಳೆಯಿರಿ. ಕೆಲವರು ವಿನೆಗರ್ ಹಾಕುತ್ತಾರೆ, ಅದೂ ಸರಿ. ಆದರೆ ಬ್ಲೀಚ್ ಜೊತೆ ವಿನೆಗರ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಒಂದೇ ದಿನ ಎರಡೂ ಬೇಡ. ತುಳಸಿ ಕುಂಡವನ್ನು ಮೊದಲೇ ಎತ್ತಿಡಿ.

ಕೊಯ್ಯುವ ವಿಚಾರಕ್ಕೆ ಬರೋಣ. ಪಕ್ಕದ ಮನೆಯವರು ಸುಮ್ನೆ ಹೇಳಿದ್ದಲ್ಲ. ಜಾಲರಿ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ, ಅಷ್ಟೂ ಭಾರ ಚೌಕಟ್ಟಿನ ಮೇಲೆ. ಅಲ್ಲಿನ ಕೆಲವು ಗೂಡುಗಳ ಲೆಕ್ಕಾಚಾರವೇ ಹಾಗಿದೆ: ಗಂಟೆಗೆ 75 ಮೈಲಿ, ಅಂದರೆ ಸುಮಾರು 120 ಕಿ.ಮೀ. ಗಾಳಿಯ ಮುನ್ಸೂಚನೆ ಬಂದರೆ ಜಾಲರಿ ತೆಗೆಯಬೇಕು ಅಥವಾ ಕೊಯ್ಯಬೇಕು. ನಿಮ್ಮದು ಹಾಗಾ ಅಂತ ಪರ್ಮಿಟ್ ನಕ್ಷೆ (ಗೂಡು ಕಟ್ಟಲು ಅನುಮತಿ ಪಡೆದ ನಕ್ಷೆ) ಹುಡುಕಿ ನೋಡಿ, ಯಾರ ಮಾತಿಗಿಂತಲೂ ಅದು ದೊಡ್ಡದು. ಹಾಗೆಯೇ ವಿಮೆ ಪತ್ರವನ್ನೂ ತೆಗೆಯಿರಿ, ಮನೆ ವಿಮೆಯಲ್ಲಿ ಈ ಗೂಡು ಎಷ್ಟೋ ಸಲ ಸೇರಿರುವುದೇ ಇಲ್ಲ. ಕೊಯ್ಯುವುದಾದರೆ ಗಾಳಿ ಎದ್ದ ಮೇಲೆ ಏಣಿ ಹತ್ತಬೇಡಿ, ಹಿಂದಿನ ದಿನವೇ ಮುಗಿಸಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಸ್ಕ್ರೂ ಕೆಲಸ ಏಪ್ರಿಲ್‌ನಲ್ಲೇ ಆಗಿಬಿಡಲಿ.

ನೀವು ಕೇಳದ ಒಂದು ವಿಷಯ: ಮನೆಗೆ ಚಿಕ್ಕ ಮಕ್ಕಳು ಬರುತ್ತಾರಾ? ಆ ಗೂಡೇ ಈಜುಕೊಳದ ಬೇಲಿ. ಅದರ ಬಾಗಿಲು ಹೊರಕ್ಕೆ ತೆರೆದು, ಬಿಟ್ಟ ತಕ್ಷಣ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ತುಕ್ಕು ಹಿಡಿದ ಸ್ಪ್ರಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಇವತ್ತೇ ಬಾಗಿಲು ಬಿಟ್ಟು ನೋಡಿ. ಜಾಲರಿ ಕೊಯ್ದರೆ ಆ ಬೇಲಿಯೂ ಹೋಯಿತು, ಹೊಸದು ಹಾಕುವವರೆಗೆ ಮನೆಯಿಂದ ಕೊಳದ ಕಡೆಗಿನ ಬಾಗಿಲಿಗೆ ಮೇಲಿನ ಚಿಲಕ ಹಾಕಿಡಿ.