ಟಾಟಾ ಕಾಫಿಯ 500 ಷೇರು 150 ಆಗಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಅಪ್ಪಯ್ಯ ಹಿಂದೆ ಅಡಿಕೆ ದುಡ್ಡಲ್ಲಿ ಟಾಟಾ ಕಾಫಿ ಷೇರು ತಗೊಂಡಿದ್ದರು. ಡಿಮ್ಯಾಟ್‌ನಲ್ಲಿ 500 ಇತ್ತು. ಈಗ ನೋಡಿದರೆ ಟಾಟಾ ಕನ್ಸ್ಯೂಮರ್ ಹೆಸರಲ್ಲಿ ಬರೀ 150 ಇದೆ. ಉಳಿದದ್ದು ಎಲ್ಲಿ ಹೋಯಿತು? ವಿಲೀನದ ಸುದ್ದಿ ಬಂದ ಕೂಡಲೇ ಷೇರು ಕೊಂಡರೆ ಲಾಭ ಅಂತ ಶಿವಮೊಗ್ಗದ ಸ್ನೇಹಿತರು ಹೇಳುತ್ತಾರೆ, ನಿಜವಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಗಾಬರಿ ಬೇಡ, ಅಪ್ಪಯ್ಯನ ದುಡ್ಡು ಎಲ್ಲೂ ಹೋಗಿಲ್ಲ. 2024ರ ಜನವರಿ 1ರಿಂದ ಟಾಟಾ ಕಾಫಿ ಅನ್ನೋ ಕಂಪನಿಯೇ ಇಲ್ಲ. ಅದರ ತೋಟದ ವ್ಯವಹಾರ ಟಾಟಾ ಕನ್ಸ್ಯೂಮರ್‌ನ ಒಂದು ಅಂಗಸಂಸ್ಥೆಗೆ ಹೋಯಿತು, ಉಳಿದದ್ದು ಟಾಟಾ ಕನ್ಸ್ಯೂಮರ್‌ನಲ್ಲೇ ಸೇರಿತು. ತೋಟದ ಬಾಬ್ತು ಟಾಟಾ ಕಾಫಿಯ 22 ಷೇರಿಗೆ ಟಾಟಾ ಕನ್ಸ್ಯೂಮರ್‌ನ 1, ಉಳಿದದ್ದರ ಬಾಬ್ತು 55ಕ್ಕೆ 14. ಎರಡೂ ಕೂಡಿದರೆ 10ಕ್ಕೆ 3, ಅಂದರೆ ನಿಮ್ಮ 500ಕ್ಕೆ 150. ಟಾಟಾ ಕನ್ಸ್ಯೂಮರ್‌ನ ಒಂದು ಷೇರಿನ ಬೆಲೆ ಆಗ ಟಾಟಾ ಕಾಫಿಯದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಇತ್ತು, ಹಾಗಾಗಿ ಸಂಖ್ಯೆ ಇಳಿದರೂ ಮೌಲ್ಯ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು.

ಈಗ ನಡೆಯುತ್ತಿರುವ ವಿಲೀನಗಳಲ್ಲಿ ಇಂಥವು ಬಹಳ. ಒಂದೇ ಮನೆತನದ ಕಂಪನಿಗಳನ್ನು ಒಟ್ಟು ಮಾಡೋದು. 2023ರಲ್ಲಿ ಗೃಹಸಾಲ ಕೊಡುತ್ತಿದ್ದ ಎಚ್‌ಡಿಎಫ್‌ಸಿ ಕಂಪನಿ ತನ್ನದೇ ಬ್ಯಾಂಕಿನೊಳಗೆ ಸೇರಿದ್ದೂ ಹೀಗೆ, 25 ಷೇರಿಗೆ ಬ್ಯಾಂಕಿನ 42 ಷೇರು ಕೊಟ್ಟರು. ಇನ್ನೊಂದು ಬಗೆಯದು ಮಾರುಕಟ್ಟೆ ಹಿಡಿಯುವ ಖರೀದಿ. ಸಿಮೆಂಟಿನಲ್ಲಿ ನೋಡಿ, 2022ರಲ್ಲಿ ಅಂಬುಜಾ ಮತ್ತು ಎಸಿಸಿ ಅದಾನಿ ಪಾಲಾದವು.

ಸ್ನೇಹಿತರ ಮಾತಿಗೆ ಬರೋಣ. ಮೊದಲು ಕೇಳಬೇಕಾದದ್ದು ಒಂದೇ, ಕೊಳ್ಳುವ ಕಂಪನಿ ಷೇರುದಾರರಿಗೆ ಕೊಡೋದು ನಗದಾ, ಷೇರಾ? ನಮ್ಮ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 2019ರಲ್ಲಿ ಐಟಿ ಕಂಪನಿ ಮೈಂಡ್‌ಟ್ರೀಯ ಸುಮಾರು 20% ಪಾಲನ್ನು ಷೇರಿಗೆ 980 ರೂಪಾಯಿಯಂತೆ ಎಲ್‌ ಅಂಡ್‌ ಟಿಗೆ ಮಾರಿದರು. ಮೈಂಡ್‌ಟ್ರೀ ಸ್ಥಾಪಕರು ಒಪ್ಪದಿದ್ದರೂ ಖರೀದಿ ನಡೆಯಿತು. ಸಣ್ಣ ಷೇರುದಾರರಿಗೂ ಅದೇ 980ರ ಓಪನ್ ಆಫರ್, ಅಂದರೆ ನಿಮ್ಮ ಷೇರನ್ನೂ ಕೊಳ್ಳುತ್ತೇವೆ ಅನ್ನೋ ಬಹಿರಂಗ ಆಹ್ವಾನ, ಬಂತು. ಇದು ಉಪಕಾರ ಅಲ್ಲ, ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ. ಲಿಸ್ಟ್ ಆದ ಕಂಪನಿಯಲ್ಲಿ 25% ಮುಟ್ಟುವವರು ಸಾಮಾನ್ಯವಾಗಿ ಕನಿಷ್ಠ ಇನ್ನೂ 26% ಕೊಳ್ಳಲು ಎಲ್ಲರಿಗೂ ಆಫರ್ ಕೊಡಬೇಕು. ಆದರೆ ಎಲ್ಲರೂ ಷೇರು ಕೊಟ್ಟರೆ ಎಲ್ಲರದ್ದನ್ನೂ ಕೊಳ್ಳುವುದಿಲ್ಲ, ಪ್ರಮಾಣದ ಲೆಕ್ಕದಲ್ಲಿ ಒಂದಿಷ್ಟು ವಾಪಸ್ ಬರುತ್ತೆ. ನಿಮ್ಮ ಸ್ನೇಹಿತರು ಈ ಮಾತು ಹೇಳಿರಲಿಕ್ಕಿಲ್ಲ. ಷೇರಿಗೆ ಷೇರು ಕೊಡುವ ವಿಲೀನದಲ್ಲಂತೂ ನೀವು ಕೊಳ್ಳೋದು ಇನ್ನೊಂದು ಕಂಪನಿಯನ್ನು, ಆ ಕಂಪನಿ ಇಷ್ಟ ಇಲ್ಲದಿದ್ದರೆ ಸುಮ್ನೆ ದೂರ ಇರಿ. ಸುದ್ದಿ ಪೇಪರಿಗೆ ಬರುವ ಹೊತ್ತಿಗೆ ಬೆಲೆ ಸಾಮಾನ್ಯವಾಗಿ ಏರಿಬಿಟ್ಟಿರುತ್ತೆ.

ಇನ್ನು ತೆರಿಗೆ. ಇಂಥ ಷೇರು ಬದಲಾವಣೆಯನ್ನು ಮಾರಾಟ ಅಂತ ಹಿಡಿಯುವುದಿಲ್ಲ, ಅಪ್ಪಯ್ಯ ಕೊಂಡ ದಿನಾಂಕವೇ ನಡೆಯುತ್ತೆ. ಅವರು ಕೊಂಡದ್ದು 2018ರ ಜನವರಿ 31ಕ್ಕೆ ಮೊದಲಾದರೆ, ಮಾರಿದಾಗ ಲಾಭ ಎಣಿಸಲು ಆ ದಿನದ ಬೆಲೆಯೂ ಲೆಕ್ಕಕ್ಕೆ ಬರುತ್ತೆ. ಹಳೆಯ ಕಾಂಟ್ರ್ಯಾಕ್ಟ್ ನೋಟ್ (ಷೇರು ಕೊಂಡಾಗ ಬ್ರೋಕರ್ ಕೊಟ್ಟ ಚೀಟಿ) ಹುಡುಕಿ ಇಡಿ, ಮಾರುವ ಮೊದಲು ಆಡಿಟರ್‌ಗೆ ತೋರಿಸಿ.