ಅಪ್ಪನ ಕ್ರಿಯಾಟಿನಿನ್ 1.3 ಬಂದಿದೆ, ಕಿಡ್ನಿ ಹೋಯ್ತಾ?

ಅಪ್ಪನಿಗೆ 58 ವರ್ಷ, ಸೋಮವಾರಪೇಟೆ ಹತ್ತಿರ ತೋಟ, ಶುಗರ್ ಹಳೇದು. ಆರ್‌ಎಫ್‌ಟಿಯಲ್ಲಿ (ಕಿಡ್ನಿಯ ರಕ್ತಪರೀಕ್ಷೆ) ಕ್ರಿಯಾಟಿನಿನ್ 1.3, ಯೂರಿಯಾ 44, ಎರಡಕ್ಕೂ ‘ಹೈ’ ಗುರುತು. ನಾಳೆಯೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ವಿರಾಜಪೇಟೆ ಕಡೆ ಲ್ಯಾಬ್ ಟೆಕ್ನಿಷಿಯನ್. ಮೂತ್ರ ತೀರಾ ಕಮ್ಮಿಯಾಗಿದ್ದರೆ, ಮುಖ ಕಾಲು ಊದಿದ್ದರೆ, ಉಸಿರು ಕಟ್ಟುತ್ತಿದ್ದರೆ ನಾಳೆ ಅಲ್ಲ, ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅದೇನೂ ಇಲ್ಲದಿದ್ದರೆ, ನಿಮ್ಮಲ್ಲಿ ಒಂದು ಟೆಸ್ಟ್ ಬಾಕಿ ಇದೆ. ಅದು ಮೂತ್ರದ್ದು.

ಮೊದಲು ಆ 1.3 ನೋಡೋಣ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುತ್ತದೆ, ಕಿಡ್ನಿ ಸೋಸಿ ಹೊರಗೆ ಹಾಕುತ್ತದೆ. ಸ್ನಾಯು ಎಲ್ಲರಿಗೂ ಒಂದೇ ಸಮ ಇರಲ್ಲ, ಅಲ್ವಾ? ಅದಕ್ಕೇ ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನೂ ಸೇರಿಸಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಲೆಕ್ಕ ಹಾಕುತ್ತಾರೆ. 2021ರ ಸಿಕೆಡಿ-ಇಪಿಐ ಸೂತ್ರದಲ್ಲಿ ನಿಮ್ಮ ಅಪ್ಪನಿಗೆ ಸುಮಾರು 64 ಬರುತ್ತದೆ. ಅದೇ ವಯಸ್ಸಿನ ಹೆಂಗಸಿಗೆ ಅದೇ 1.3 ಇದ್ದರೆ ಸುಮಾರು 48! 60ಕ್ಕಿಂತ ಕೆಳಗೆ ಇಳಿದು, ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಹಳೇ ರಿಪೋರ್ಟ್ ಇದ್ದರೆ ಹುಡುಕಿ. ಮೊದಲೂ 1.2, 1.3 ಇತ್ತಾ, ಅಥವಾ 0.9ರಿಂದ ಏರಿದೆಯಾ ಅನ್ನುವುದು ‘ಹೈ’ ಗುರುತಿಗಿಂತ ಮುಖ್ಯ.

ಹಿಂದಿನ ರಾತ್ರಿ ಪಂದಿ ಕರಿ ಜೋರಾಗಿ ಆಗಿತ್ತಾ? ತಮಾಷೆಗೆ ಕೇಳುತ್ತಿಲ್ಲ. ಬೇಯಿಸಿದ ಮಾಂಸ ತಿಂದ ಮೇಲೆ ಕೆಲವು ಗಂಟೆ ಕ್ರಿಯಾಟಿನಿನ್ ಏರುತ್ತದೆ. ಯೂರಿಯಾ ಅಂತೂ ನೀರು ಕಮ್ಮಿಯಾದರೆ ಸಾಕು, ಏರುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ ತೋಟದಿಂದ ಬರುವವರು ‘ಫಾಸ್ಟಿಂಗ್’ ಅಂದರೆ ನೀರೂ ಕುಡಿಯಬಾರದು ಅಂದುಕೊಂಡು ಬಾಯಿ ಒಣಗಿಸಿಕೊಂಡೇ ಬಂದು ಕೂರುತ್ತಾರೆ. ಬರೀ ನೀರು ಕುಡಿಯಬಹುದು ಮಾರಾಯ್ರೇ. (ಕೆಲವು ಲ್ಯಾಬ್ ಯೂರಿಯಾ ಬದಲು ಬಿಯುಎನ್, ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಅಳತೆ, ಕೊಡುತ್ತವೆ. ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ.)

ಈಗ ಮೂತ್ರದ ವಿಷಯ. ಟೆಸ್ಟಿನ ಹೆಸರು ಎಸಿಆರ್, ಅಂದರೆ ಮೂತ್ರದಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಅನ್ನುವ ಲೆಕ್ಕ. ಶುಗರ್ ಇರುವವರಲ್ಲಿ ಕ್ರಿಯಾಟಿನಿನ್ ಏರುವ ಎಷ್ಟೋ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಸೋರಲು ಶುರುವಾಗಬಹುದು. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಅದ್ದುವ ಪಟ್ಟಿಗೆ (ಡಿಪ್‌ಸ್ಟಿಕ್) ಸಣ್ಣ ಸೋರಿಕೆ ಸಿಗುವುದಿಲ್ಲ, ಎಸಿಆರ್‌ಗೆ ಸಿಗುತ್ತದೆ. 30ರ (ಎಂಜಿ/ಗ್ರಾಂ) ಕೆಳಗಿದ್ದರೆ ಸರಿ. 30ರಿಂದ 300 ಅಂದರೆ ಸೋರಿಕೆ ಇದೆ, 300 ದಾಟಿದರೆ ಜಾಸ್ತಿಯೇ ಇದೆ. ರಕ್ತಕ್ಕೆ ತೋಳು ಚಾಚುವ ಜನ ಮೂತ್ರದ ಡಬ್ಬಿ ಕೈಗೆ ಕೊಟ್ಟರೆ ಮುಖ ಸಿಂಡರಿಸುತ್ತಾರೆ, ‘ಅದು ಬೇಡ ಬಿಡಿ’ ಅನ್ನುತ್ತಾರೆ. ನನ್ನ ಪ್ರಕಾರ ಶುಗರ್ ಇರುವವರು ಬಿಡಲೇಬಾರದ ಟೆಸ್ಟ್ ಅದು. ಬೆಳಗಿನ ಮೊದಲ ಮೂತ್ರ ಸ್ವಲ್ಪ ಸಾಕು, ಇಡೀ ದಿನದ್ದು ಹಿಡಿದಿಡಬೇಕಿಲ್ಲ. ಜ್ವರ, ಉರಿಮೂತ್ರ ಇದ್ದರೆ ವಾಸಿಯಾದ ಮೇಲೆ ಕೊಡಿ. ಒಮ್ಮೆ ಜಾಸ್ತಿ ಬಂದರೆ ಮತ್ತೆ ಮಾಡಿಸಿಯೇ ಖಚಿತ ಮಾಡುತ್ತಾರೆ.

ಸ್ಕ್ಯಾನ್ ಕಿಡ್ನಿಯ ಗಾತ್ರ, ಕಲ್ಲು, ಅಡ್ಡಿ ತೋರಿಸುತ್ತದೆ. ಎಷ್ಟು ಸೋಸುತ್ತಿದೆ ಅಂತ ಹೇಳುವುದಿಲ್ಲ. ಡಾಕ್ಟರ್ ಬರೆದುಕೊಟ್ಟರೆ ಮಾಡಿಸಿ, ಸುಮ್ನೆ ಹೆದರಿ ಬೇಡ. ಅವರ ಹತ್ತಿರ ಹೋಗುವಾಗ ಅಪ್ಪ ಸೊಂಟನೋವಿಗೆ ನುಂಗುವ ಮಾತ್ರೆಯ ಪಟ್ಟಿಯನ್ನೂ ತಗೊಂಡು ಹೋಗಿ. ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆಯಿಂದಲೂ ಕ್ರಿಯಾಟಿನಿನ್ ಏರಬಹುದು. ಅಪ್ಪ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.