ಓದುಗರ ಪ್ರಶ್ನೆ: ಮೊದಲ ಮೋಟರ್‌ಹೋಮ್, ಅದೂ ಬಳಸಿದ್ದು

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿದ್ದೇವೆ. ನಾವಿಬ್ಬರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಎಲ್ಲರೂ ಸೇರಿ ಸ್ಕಾಟ್ಲೆಂಡ್, ವೇಲ್ಸ್ ಸುತ್ತಲು ಒಂದು ಮೋಟರ್‌ಹೋಮ್ ಕೊಳ್ಳಬೇಕೆಂದಿದೆ. ಫಿಯಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ, ಆರು ಜನ ಮಲಗಬಹುದಾದ 2014ರ ಗಾಡಿಯೊಂದನ್ನು ಅದರ ಮಾಲೀಕರು 34,000 ಪೌಂಡಿಗೆ ಕೊಡುತ್ತೇನೆ ಎನ್ನುತ್ತಾರೆ. 38,000 ಮೈಲಿ ಮಾತ್ರ ಓಡಿದೆ, ಒಳಗೆಲ್ಲ ಹೊಸದರಂತಿದೆ. ಅವರು ಕಳಿಸಿದ ಚಿತ್ರದಲ್ಲಿ ತೂಕದ ಫಲಕದ ಮೇಲೆ 3,850 ಕೆ.ಜಿ. ಎಂದಿದೆ. ನನ್ನ ಚಾಲನಾ ಪರವಾನಗಿ 2017ರಲ್ಲಿ ಇಲ್ಲಿಯೇ ಪಡೆದದ್ದು. ಕೊಳ್ಳುವ ಮೊದಲು ಏನೇನು ನೋಡಬೇಕು?
— ಹೆಸರು ಬೇಡವೆಂದಿರುವ ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಗಾಡಿಯನ್ನು ನೋಡಲು ಹೊರಡುವ ಮೊದಲು ನಿಮ್ಮ ಪರವಾನಗಿಯನ್ನು ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರು ಸಾಮಾನ್ಯವಾಗಿ ಒಟ್ಟು ತೂಕದ ಮಿತಿ 3,500 ಕೆ.ಜಿ. ಇರುವ ಗಾಡಿಗಳವರೆಗೆ ಮಾತ್ರ ಓಡಿಸಬಹುದು. ಅದಕ್ಕಿಂತ ಮೊದಲು ಪಾಸಾದ ಹಿರಿಯರಿಗೆ 7,500 ಕೆ.ಜಿ.ವರೆಗೆ ಓಡಿಸುವ ಸಿ1 ಅರ್ಹತೆ ತಾನಾಗಿಯೇ ಬಂದಿತ್ತು. ನಿಮಗೆ ಈ ಗಾಡಿಯನ್ನು ಮಾರುತ್ತಿರುವವರೂ ಬಹುಶಃ ಅದೇ ತಲೆಮಾರಿನವರಾಗಿದ್ದು, ಈ ಮಾತು ಅವರ ತಲೆಗೇ ಬಂದಿರಲಿಕ್ಕಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಆ ದಿನ ಗಾಡಿಯಲ್ಲಿ ಎಷ್ಟು ಭಾರವಿದೆ ಎಂಬುದಲ್ಲ, ಫಲಕದ ಮೇಲೆ ನಮೂದಾಗಿರುವ ಗರಿಷ್ಠ ತೂಕ. ಆದ್ದರಿಂದ 3,850 ಕೆ.ಜಿ.ಯ ಈ ಗಾಡಿಯನ್ನು ಖಾಲಿಯಾಗಿದ್ದರೂ ನೀವು ಓಡಿಸುವಂತಿಲ್ಲ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ವೈದ್ಯಕೀಯ ತಪಾಸಣೆ ಮಾಡಿಸಿ, ಲಿಖಿತ ಮತ್ತು ಚಾಲನಾ ಪರೀಕ್ಷೆಗಳನ್ನು ಬರೆದು ಸಿ1 ಅರ್ಹತೆ ಪಡೆಯುವುದು. ಇನ್ನೊಂದು, ಗಾಡಿಯ ಮಿತಿಯನ್ನೇ ಕಾಗದದ ಮೇಲೆ 3,500 ಕೆ.ಜಿ.ಗೆ ಇಳಿಸುವುದು, ಮಾರುವವರು ಸಾಮಾನ್ಯವಾಗಿ ಇದನ್ನೇ ಸುಲಭದ ಉಪಾಯವೆಂದು ಸೂಚಿಸುತ್ತಾರೆ. ಆದರೆ ಮಿತಿ ಇಳಿದರೂ ಗಾಡಿಯ ಸ್ವಂತ ತೂಕವೇನೂ ಇಳಿಯುವುದಿಲ್ಲ. ಉದಾಹರಣೆಗೆ ತಯಾರಕರ ಲೆಕ್ಕದಂತೆ ಚಾಲಕನ 75 ಕೆ.ಜಿ. ಮತ್ತು ಡೀಸೆಲ್ ಸೇರಿ ಗಾಡಿಯ ತೂಕ 3,150 ಕೆ.ಜಿ. ಇದೆ ಎಂದುಕೊಳ್ಳೋಣ. ಆಗ ನಿಮಗೆ ಉಳಿಯುವುದು 350 ಕೆ.ಜಿ. ಪತ್ನಿ ಮತ್ತು ಮಕ್ಕಳಿಗೆ 115, ನೂರು ಲೀಟರಿನ ನೀರಿನ ತೊಟ್ಟಿ ತುಂಬಿದರೆ 100, ಗೋಡೆಯ ಹೊರಗೆ ಬಿಚ್ಚುವ ನೆರಳಿನ ಪರದೆಗೆ ಸುಮಾರು 30, ಸೈಕಲ್ಲುಗಳು ಮತ್ತು ಅವುಗಳ ಚೌಕಟ್ಟಿಗೆ 60: ಇಷ್ಟಕ್ಕೇ 305 ಆಯಿತು. ಇನ್ನು ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿ, ಬೇಳೆ ಎಲ್ಲಕ್ಕೂ ಇರುವುದು 45 ಕೆ.ಜಿ. ಅಪ್ಪ ಅಮ್ಮ ಹತ್ತಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಹಿಂಬದಿ ಉದ್ದವಾಗಿ ಹೊರಚಾಚಿರುವ ಗಾಡಿಗಳಲ್ಲಿ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚಿನ ಮೇಲೆ ಭಾರ ಮಿತಿಮೀರುವುದುಂಟು. ಫಲಕದಲ್ಲಿ ಎರಡೂ ಅಚ್ಚುಗಳ ಮಿತಿಯನ್ನು ಬೇರೆ ಬೇರೆಯಾಗಿ ಬರೆದಿರುವುದು ಇದೇ ಕಾರಣಕ್ಕೆ. ಯಾವ ಗಾಡಿಯನ್ನೇ ಕೊಂಡರೂ ಸಾಮಾನು ತುಂಬಿ ಒಮ್ಮೆ ಸಾರ್ವಜನಿಕ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ ನೋಡಿ.

ಆರು ಜನರ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಜಾಹೀರಾತಿನಲ್ಲಿ ಬರುವ ಆರು ಎಂಬ ಅಂಕಿ ಮಲಗುವ ಜಾಗಗಳದು. ಓಡುವಾಗ ಬೆಲ್ಟ್ ಕಟ್ಟಿ ಕೂರಬಹುದಾದ ಆಸನಗಳು ನಾಲ್ಕೇ ಇರುವ ಗಾಡಿಗಳು ಬೇಕಾದಷ್ಟಿವೆ. ಗೋಡೆಗೆ ಒರಗಿ ಅಡ್ಡಲಾಗಿ ಕೂರುವ ಸೋಫಾವನ್ನು ಆಸನವೆಂದು ಎಣಿಸಬೇಡಿ. ಚಾಲಕನನ್ನೂ ಸೇರಿಸಿ ಬೆಲ್ಟುಗಳನ್ನು ನೀವೇ ಎಣಿಸಿ. ಆರು ಇಲ್ಲದಿದ್ದರೆ ನಿಮ್ಮ ಕುಟುಂಬಕ್ಕೆ ಆ ಗಾಡಿ ಆಗಿಬರುವುದಿಲ್ಲ.

ಈಗ ಗಾಡಿಯ ಸ್ಥಿತಿಗೆ ಬರೋಣ. ಮೊದಲ ಸಲ ಕೊಳ್ಳುವವರು ಬಾನೆಟ್ ತೆಗೆದು ಎಂಜಿನ್ ನೋಡುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಡುಕಾಟೊ ಬಹಳ ಬಳಕೆಯಲ್ಲಿರುವ ಸರಕು ಸಾಗಣೆಯ ವ್ಯಾನು. ಅದರ ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಮೋಟರ್‌ಹೋಮನ್ನು ನಿಜವಾಗಿ ತಿಂದುಹಾಕುವುದು ನೀರು. ಈ ಬಗೆಯ ಗಾಡಿಗಳಲ್ಲಿ ಬಹುಪಾಲಿನ ಗೋಡೆಯೆಂದರೆ ಹೊರಗೆ ಅಲ್ಯುಮಿನಿಯಂ ಅಥವಾ ಫೈಬರ್ ಗ್ಲಾಸ್ ಹಾಳೆ, ಒಳಗೆ ತೆಳುವಾದ ಪ್ಲೈವುಡ್, ನಡುವೆ ಶಾಖ ತಡೆಯುವ ಫೋಮ್. ಅನೇಕವುಗಳಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಮರದ ಚೌಕಟ್ಟು. ಹಾಳೆಗಳು ಕೂಡುವೆಡೆ, ಕಿಟಕಿಯ ಸುತ್ತ, ಚಾವಣಿಯ ಗವಾಕ್ಷಿಯ ಸುತ್ತ ನೀರು ಇಳಿಯದಂತೆ ಸೀಲಂಟ್ ಎಂಬ ಅಂಟು ಹಚ್ಚಿರುತ್ತಾರೆ. ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ಮಳೆನೀರು ಗೋಡೆಯ ಒಳಗೊಳಗೇ ಹರಿದು ಮರವನ್ನು ಕೊಳೆಸುತ್ತಿದ್ದರೂ ಒಳಗೆ ಕುಳಿತವರಿಗೆ ಎಷ್ಟೋ ಕಾಲ ಏನೂ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ದುರಸ್ತಿಯ ಖರ್ಚು ಸಾವಿರಾರು ಪೌಂಡಿಗೆ ಏರಿರುತ್ತದೆ.

ಆದ್ದರಿಂದ ಸಾಧ್ಯವಾದರೆ ಎರಡು ಮೂರು ದಿನ ಮಳೆ ಸುರಿದ ಮೇಲೆ ಹೋಗಿ ನೋಡಿ. ಇಂಗ್ಲೆಂಡಿನಲ್ಲಿ ಅದಕ್ಕೆ ಬಹಳ ಕಾಯಬೇಕಾಗುವುದಿಲ್ಲ. ಚಾಲಕನ ತಲೆಯ ಮೇಲೆ ಹಾಸಿಗೆಯಿರುವ ಮಾದರಿಯಾದರೆ ಮೊದಲು ಅಲ್ಲಿಗೆ ಹತ್ತಿ, ಹಾಸಿಗೆ ಎತ್ತಿ, ಮುಂದಿನ ಎರಡು ಮೂಲೆಗಳನ್ನು ಕೈಯಿಂದ ಒತ್ತಿ. ಮೇಲಿನ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿ ಅವುಗಳ ಒಳಮೂಲೆಗಳಿಗೆ ಟಾರ್ಚು ಬಿಡಿ. ಕಿಟಕಿಗಳ ಕೆಳಗೆ, ಬಾಗಿಲ ಬಳಿಯ ನೆಲ, ಹಿಂದಿನ ಸಾಮಾನು ಪೆಟ್ಟಿಗೆ, ಇವನ್ನು ಬಿಡಬಾರದು. ಹೆಬ್ಬೆರಳು ಒತ್ತಿದಾಗ ಗೋಡೆ ಮೆತ್ತಗೆ ತಗ್ಗಿದರೆ, ಕಾಲಿಟ್ಟಾಗ ನೆಲ ಕುಸಿದು ಮೇಲೇಳುವಂತೆನಿಸಿದರೆ, ಗೋಡೆಯ ಕಾಗದ ಅಲೆ ಅಲೆಯಾಗಿ ಎದ್ದಿದ್ದರೆ ಮುಂದಿನ ಮಾತೇ ಬೇಡ. ಮುಚ್ಚಿದ ಗಾಡಿಯ ಬಾಗಿಲು ತೆಗೆದ ಕ್ಷಣದ ವಾಸನೆಯನ್ನು ಗಮನಿಸಿ. ಮುಗ್ಗಲು ವಾಸನೆ ಬಂದರೆ ಕೆಟ್ಟದ್ದು. ಘಮಘಮಿಸುವ ಸುಗಂಧ ಸಿಂಪಡಿಸಿದ್ದರೆ ಅದಕ್ಕಿಂತ ಹೆಚ್ಚು ಅನುಮಾನ ಪಡಬೇಕು. ಒಳಗೆಲ್ಲ ಹೊಸದರಂತಿದೆ ಎಂದು ಬರೆದಿದ್ದೀರಿ. ಇಷ್ಟು ವರ್ಷದ ಗಾಡಿಯ ಒಂದೇ ಒಂದು ಮೂಲೆಗೆ ಮಾತ್ರ ಹೊಸ ಪ್ಲೈವುಡ್ ಅಥವಾ ಹೊಸ ಸೀಲಂಟ್ ಮೆತ್ತಿದ್ದರೆ ಅದು ಏಕೆ ಬೇಕಾಯಿತೆಂದು ನೇರವಾಗಿ ಕೇಳಿ.

ಕಣ್ಣು, ಮೂಗುಗಳಿಗೆ ಸಿಗದ್ದನ್ನು ತೇವಮಾಪಕ ಹೇಳುತ್ತದೆ. ವಾಸಭಾಗದ ತಪಾಸಣೆ ಎಂಬುದೊಂದಿದೆ. ಇಂಗ್ಲೆಂಡಿನಲ್ಲಿ ಇದನ್ನು ಹ್ಯಾಬಿಟೇಶನ್ ಚೆಕ್ ಎನ್ನುತ್ತಾರೆ. ತರಬೇತಾದ ತಂತ್ರಜ್ಞರು ಗೋಡೆಯ ಹತ್ತಾರು ಕಡೆ ತೇವ ಅಳೆದು, ಗ್ಯಾಸ್ ಮತ್ತು ವಿದ್ಯುತ್ತನ್ನೂ ಪರೀಕ್ಷಿಸಿ ವರದಿ ಬರೆದುಕೊಡುತ್ತಾರೆ. ಮಾಪಕ ಸುಮಾರು ಶೇ 15ರ ಒಳಗೆ ತೋರಿಸಿದರೆ ಚಿಂತೆಯಿಲ್ಲ. 20 ದಾಟಿದರೆ ಎಲ್ಲೋ ನೀರು ಇಳಿಯುತ್ತಿದೆಯೆಂದು ತಿಳಿದು ಹುಡುಕಬೇಕು. 30 ದಾಟಿದರೆ ಚೌಕಟ್ಟಿಗೇ ಹಾನಿಯಾಗಿರುವ ಸಂಭವ ಹೆಚ್ಚು. ಮಾಲೀಕರು ಹಳೆಯ ವರದಿ ತೋರಿಸಿದರೆ ಓದಿ ನೋಡಿ, ಆದರೆ ನಿಮ್ಮ ಖರ್ಚಿನಲ್ಲಿ, ನೀವು ಗೊತ್ತುಮಾಡಿದ ತಂತ್ರಜ್ಞರಿಂದ ಹೊಸದೊಂದನ್ನು ಮಾಡಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ಹುಡುಕುವುದೇ ಒಳ್ಳೆಯದು. ಪ್ರತಿ ವರ್ಷದ ಎಂಒಟಿ ಪ್ರಮಾಣಪತ್ರವಿದೆಯಲ್ಲ ಎಂದು ಸಮಾಧಾನ ಪಡಬೇಡಿ. ಅದು ಬ್ರೇಕು, ದೀಪ, ಹೊಗೆ ಮುಂತಾದ ರಸ್ತೆಯ ಸುರಕ್ಷತೆಯನ್ನು ನೋಡುತ್ತದೆಯೇ ಹೊರತು ಗೋಡೆಯೊಳಗಿನ ಮರವನ್ನಲ್ಲ.

ಮೈಲಿ ಕಡಿಮೆಯಿರುವುದು ಕಾರಿನಲ್ಲಿ ಗುಣವಾದರೆ ಇಲ್ಲಿ ಅರ್ಧ ಗುಣ ಮಾತ್ರ. ನಿಂತೇ ಇದ್ದ ಗಾಡಿಯ ಬ್ರೇಕು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ಸವೆಯದೆಯೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ನೋಡಿ: 2316 ಎಂದಿದ್ದರೆ ಅದು 2016ನೇ ಇಸವಿಯ 23ನೇ ವಾರ ತಯಾರಾದದ್ದು. ಏಳೆಂಟು ವರ್ಷ ದಾಟಿದ್ದರೆ ಟೈರಿನ ಮೈಮೇಲಿನ ಗೀರುಗಳು ಎಷ್ಟೇ ಚೆನ್ನಾಗಿದ್ದರೂ ಹೊಸ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಡುಕಾಟೊದ 2.3 ಲೀಟರ್ ಎಂಜಿನ್ನಿಗೆ ಒಳಭಾಗಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇದೆ; ಅದನ್ನು ಮೈಲಿ ತುಂಬದಿದ್ದರೂ ವರ್ಷಗಳ ಲೆಕ್ಕದಲ್ಲಿ ಬದಲಿಸಬೇಕು. ಬದಲಿಸಿದ ರಸೀದಿ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಭಾವಿಸಿ.

ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಗ್ಯಾಸಿನ ಮೇಲೆ ಹಚ್ಚಿಡಲು ಹೇಳಿ, ಏಕೆಂದರೆ ಈ ಬಗೆಯ ಫ್ರಿಜ್ಜುಗಳು ತಣ್ಣಗಾಗಲು ಹಲವು ಗಂಟೆ ಹಿಡಿಯುತ್ತವೆ. ನೀವು ಹೋದಾಗ ಬಿಸಿನೀರಿನ ಬಾಯ್ಲರನ್ನೂ ಹೀಟರನ್ನೂ ನಡೆಸಿ ತೋರಿಸಲಿ. ಚಳಿಗಾಲಕ್ಕೆ ಮೊದಲು ನೀರು ಖಾಲಿ ಮಾಡದೆ ಬಿಟ್ಟಿದ್ದರೆ ಹೆಪ್ಪುಗಟ್ಟಿದ ನೀರು ಬಾಯ್ಲರನ್ನೂ ಕೊಳವೆಗಳನ್ನೂ ಒಡೆದಿರಬಹುದು.

ಲಂಡನ್ನಿಗೆ ಹೋಗಿಬರುವವರಾದರೆ ಇನ್ನೊಂದು ಮಾತು. ಹೆಚ್ಚು ಹೊಗೆ ಉಗುಳುವ ಗಾಡಿಗಳಿಂದ ಶುಲ್ಕ ವಸೂಲಿ ಮಾಡುವ ಯುಲೆಜ್ ವಲಯ 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ಹಬ್ಬಿದೆ. ಡೀಸೆಲ್ ಗಾಡಿ ಹೊಗೆಯ ಮಿತಿಯಲ್ಲಿ ಯೂರೋ 6 ಮಟ್ಟದ್ದಲ್ಲದಿದ್ದರೆ 3.5 ಟನ್ನಿನವರೆಗಿನದಕ್ಕೆ ದಿನಕ್ಕೆ 12.50 ಪೌಂಡು ಕೊಡಬೇಕು; ಅದಕ್ಕಿಂತ ಭಾರದವು ಬೇರೆ ಕಟ್ಟಳೆಗೆ ಸೇರಿ ಹಲವು ಪಟ್ಟು ಹೆಚ್ಚು ತೆರಬೇಕಾಗುತ್ತದೆ. 2014ರ ಡುಕಾಟೊ ಯೂರೋ 5.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈ ಗಾಡಿಯನ್ನು ಬಿಡಿ. ಬರುವ ಬೇಸಿಗೆಯಲ್ಲಿ ಆರು ಬೆಲ್ಟುಗಳಿರುವ, ನಿಮ್ಮ ಪರವಾನಗಿಗೆ ಒಗ್ಗುವ ಗಾಡಿಯೊಂದನ್ನು ಒಂದು ವಾರ ಬಾಡಿಗೆಗೆ ಹಿಡಿದು ಅಪ್ಪ ಅಮ್ಮನೊಂದಿಗೆ ಹೋಗಿಬನ್ನಿ. ಹಿರಿಯರಿಗೆ ಆ ಇಕ್ಕಟ್ಟಿನ ಶೌಚಾಲಯ, ಏಣಿ ಹತ್ತುವ ಹಾಸಿಗೆ ಒಗ್ಗುತ್ತದೆಯೇ ಎಂಬುದು ಯಾವ ವರದಿಯಲ್ಲೂ ಬರೆದಿರುವುದಿಲ್ಲ. ಹಾಗೆಯೇ ನಿಮ್ಮ ಮನೆಯ ಕರಾರುಪತ್ರವನ್ನೂ ಓದಿ. ಹೊಸ ಬಡಾವಣೆಗಳಲ್ಲಿ ಮನೆಯ ಮುಂದೆ ಕ್ಯಾರವಾನ್ ನಿಲ್ಲಿಸಬಾರದೆಂಬ ಷರತ್ತು ಹಲವೆಡೆ ಇರುತ್ತದೆ, ಆಗ ಬೇರೆ ಕಡೆ ನಿಲ್ಲಿಸುವ ಬಾಡಿಗೆಯೂ ಖರ್ಚಿಗೆ ಸೇರುತ್ತದೆ.

ಪ್ರಶ್ನೆ: ಮಾರುವವರ ಹತ್ತಿರ ಅವರದೇ ಹೆಸರಿನ ಲಾಗ್‌ಬುಕ್ ಇದೆ. ಅಷ್ಟು ಸಾಕಲ್ಲವೇ? ಹಣವನ್ನು ಹೇಗೆ ಕೊಡುವುದು ಕ್ಷೇಮ?
— ಓದುಗರೊಬ್ಬರು, ರೆಡಿಂಗ್

ಉತ್ತರ: ಸಾಲದು. ವಿ5ಸಿ ಎಂಬ ಆ ಲಾಗ್‌ಬುಕ್ ಗಾಡಿಯ ಹೊಣೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಹೇಳುತ್ತದೆಯೇ ಹೊರತು ಒಡೆತನದ ದಾಖಲೆಯಲ್ಲ. ಹಾಗೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಗಾಡಿಯ ಮೇಲೆ ತೀರದ ಸಾಲವಿದೆಯೇ, ಕಳವಿನ ಅಥವಾ ಅಪಘಾತದ ದಾಖಲೆಯಿದೆಯೇ ಎಂದು ತಿಳಿಯಲು ಹಣ ಕೊಟ್ಟು ಮಾಡಿಸುವ ಇತಿಹಾಸ ತಪಾಸಣೆ ಇದೆ. ಅವರು ಖರೀದಿಸಿದಾಗಿನ ರಸೀದಿಯನ್ನೂ ಕೇಳಿ. ಗಾಡಿಯ ಮೇಲಿನ ಚಾಸಿ ಸಂಖ್ಯೆ ಮತ್ತು ವಿ5ಸಿಯ ಸಂಖ್ಯೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನೋಂದಣಿ ಸಂಖ್ಯೆ ಹಾಕಿದರೆ ಹಿಂದಿನ ಎಂಒಟಿಗಳ ವಿವರ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವರ್ಷ ವರ್ಷದ ಮೈಲಿಗಳು ಏರುತ್ತಾ ಬಂದಿವೆಯೇ ಎಂದು ಅಲ್ಲಿಯೇ ತಿಳಿಯುತ್ತದೆ. ವ್ಯವಹಾರ ವಿ5ಸಿಯಲ್ಲಿರುವ ವಿಳಾಸದ ಮನೆಯಲ್ಲೇ ನಡೆಯಲಿ; ನಡುದಾರಿಯಲ್ಲಿ ಭೇಟಿಯಾಗೋಣ ಎಂದರೆ ಒಪ್ಪಬೇಡಿ.

ಖಾಸಗಿಯವರಿಂದ ಕೊಂಡರೆ ಬೆಲೆ ತುಸು ಇಳಿಯುತ್ತದೆ, ರಕ್ಷಣೆಯೂ ಇಳಿಯುತ್ತದೆ. ವ್ಯಾಪಾರಿಯಿಂದ ಕೊಂಡ ಗಾಡಿಯಲ್ಲಿ ಕೊಳ್ಳುವಾಗಲೇ ದೋಷವಿತ್ತೆಂದು ಕಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ 30 ದಿನಗಳೊಳಗೆ ಹಿಂದಿರುಗಿಸಿ ಹಣ ಕೇಳಬಹುದು. ಬೆಲೆ 30,000 ಪೌಂಡಿನ ಒಳಗಿದ್ದು ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಕಾರ್ಡ್ ಕೊಟ್ಟವರೂ ಹೊಣೆಗಾರರಾಗುತ್ತಾರೆ. ಮೊದಲ ಸಲದವರು ಆ ಹೆಚ್ಚಿನ ಬೆಲೆ ತೆತ್ತು ವ್ಯಾಪಾರಿಯ ಹತ್ತಿರವೇ ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಹಿಂದಿನವರ ರಸ್ತೆ ತೆರಿಗೆ ನಿಮಗೆ ವರ್ಗವಾಗುವುದಿಲ್ಲ. ಗಾಡಿಯನ್ನು ಮನೆಗೆ ತರುವ ಮೊದಲೇ ತೆರಿಗೆ ಮತ್ತು ವಿಮೆ ನಿಮ್ಮ ಹೆಸರಿನಲ್ಲಿರಬೇಕು.

ಪ್ರಶ್ನೆ: ಮೋಟರ್‌ಹೋಮ್‌ನಲ್ಲಿ ನಮ್ಮ ಅಡುಗೆ ಮಾಡಿಕೊಳ್ಳಬಹುದೇ?
— ಗೃಹಿಣಿ, ಲೆಸ್ಟರ್

ಉತ್ತರ: ಧಾರಾಳವಾಗಿ. ಆದರೆ ಅನ್ನ, ಸಾರು ಕುದಿಯುವ ಹಬೆ ತಣ್ಣನೆಯ ಕಿಟಕಿಗೆ ತಾಗಿ ನೀರಾಗಿ ಇಳಿಯುತ್ತದೆ. ಒಲೆ ಉರಿಯುವಾಗ ಗವಾಕ್ಷಿ ತೆರೆದಿರಲಿ. ನೆಲದಲ್ಲೋ ಗೋಡೆಯಲ್ಲೋ ಇರುವ ಸ್ಥಿರ ಗಾಳಿಕಿಂಡಿಗಳನ್ನು ಹಿಂದಿನ ಮಾಲೀಕರು ಚಳಿಗೆ ಹೆದರಿ ಟೇಪು ಹಚ್ಚಿ ಮುಚ್ಚಿದ್ದರೆ ತಕ್ಷಣ ಕಿತ್ತುಹಾಕಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ಚಳಿಗಾಲಕ್ಕೆ ಪ್ರೊಪೇನ್ ಸಿಲಿಂಡರನ್ನೇ ಕೊಳ್ಳಬೇಕು. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲೇ ಅನಿಲವಾಗುವುದನ್ನು ನಿಲ್ಲಿಸುತ್ತದೆ. ಒಗ್ಗರಣೆಯ ಘಾಟು ಪರದೆಗಳಿಗೆ ಹತ್ತಿದರೆ ಮಾರುವಾಗ ತೊಂದರೆ, ಆದ್ದರಿಂದ ಹಲವರು ಒಗ್ಗರಣೆಯ ಮಟ್ಟಿಗೆ ಹೊರಗೊಂದು ಸಣ್ಣ ಒಲೆ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಪರಿಚಿತರೊಬ್ಬರು ಟೆಂಪೊ ಟ್ರಾವೆಲರಿನ ಸೀಟು ತೆಗೆಸಿ ಹಾಸಿಗೆ, ಅಡುಗೆಕಟ್ಟೆ ಮಾಡಿಸಿದ್ದಾರೆ. ಅದನ್ನು ಕೊಳ್ಳಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಮೊದಲು ಆರ್‌ಸಿ ಓದಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ; ಅನುಮತಿ ಪಡೆದು ಮಾಡಿದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಗಾಡಿಯ ವರ್ಗ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದು ಬದಲಾಗದೆ ಇನ್ನೂ ಪ್ರಯಾಣಿಕರ ವಾಹನವೆಂದೇ ಇದ್ದರೆ, ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಅವಕಾಶವಾಗುತ್ತದೆ. ದಾಖಲೆ ಸರಿಪಡಿಸುವ ಕೆಲಸವನ್ನು ಮಾರುವವರೇ ಆರ್‌ಟಿಒದಲ್ಲಿ ಮುಗಿಸಿಕೊಡಲಿ. ಅನಂತರ ಒಡೆತನ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ. ಸಾಲವಿದ್ದರೆ ಅದು ತೀರಿತೆಂದು ತಿಳಿಸುವ, ಬ್ಯಾಂಕಿನ ಸಹಿಯಿರುವ ಫಾರಂ 35, ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು. ಹೊರ ರಾಜ್ಯದ್ದಕ್ಕೆ ಕರ್ನಾಟಕದ ತೆರಿಗೆ ಎಷ್ಟು ಬೀಳುತ್ತದೆಂದು ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ನಿಮ್ಮದು ಮಲೆನಾಡಿನ ಮಳೆ, ಆದ್ದರಿಂದ ಚಾವಣಿಗೆ ಎಸಿ ಮತ್ತು ಸೋಲಾರ್ ಫಲಕ ಕೂರಿಸಲು ಕೊರೆದ ತೂತುಗಳ ಸುತ್ತ ಒಳಗಿನಿಂದ ಕೈಯಾಡಿಸಿ ನೋಡಿ. ಹಾಸಿಗೆಯ ಕೆಳಗೆ ಮನೆಬಳಕೆಯ ಸಿಲಿಂಡರನ್ನು ಹಗ್ಗದಲ್ಲಿ ಬಿಗಿದಿಟ್ಟಿದ್ದರೆ ಗಾಡಿ ಮನೆಗೆ ಬರುವ ಮೊದಲೇ ಅದನ್ನು ತೆಗೆಸಿ.